ಸುಟ್ಟ ಮರ, ಐದು ಅಕ್ಷರ: ಟೋಕಿಯೊದಲ್ಲಿ ಒಂದು ದಿನ

ಅಸಾಕುಸಾದ ಕಾಮಿನಾರಿಮೊನ್ ಬಾಗಿಲ ಮುಂದೆ ಬೆಳಿಗ್ಗೆ ಒಂಬತ್ತಕ್ಕೆ ಬನ್ನಿ, ಕೈಯಲ್ಲಿ ಹಳದಿ ಬಾವುಟ ಹಿಡಿದು ನಿಂತಿರುತ್ತೇನೆ ಎಂದು ನಮ್ಮ ಗೈಡ್ ಹಿಂದಿನ ವಾರವೇ ಇ-ಮೇಲ್ ಬರೆದಿದ್ದರು. ಅದರಲ್ಲೇ ಇನ್ನೊಂದು ಪ್ರಶ್ನೆ ಇತ್ತು: ನೀವು ಸಸ್ಯಾಹಾರಿಗಳೆಂದು ತಿಳಿಸಿದ್ದೀರಿ, ಮೀನು ಹಾಕಿ ಕುದಿಸಿ ಸೋಸಿದ ನೀರು ಆಗುತ್ತದೆಯೇ, ಅದೂ ಬೇಡವೇ? ಅಕ್ಕ ಆ ಸಾಲನ್ನು ಎರಡು ಸಲ ಓದಿಸಿಕೊಂಡಳು. "ಇಷ್ಟು ವಿಚಾರಿಸೋರು ಊರನ್ನೂ ಚೆನ್ನಾಗೇ ತೋರಿಸ್ತಾರೆ ಬಿಡು" ಅಂದಳು.

ಅಕ್ಕನ ಮಗ ಇರುವುದು ಟೋಕಿಯೊದ ಪೂರ್ವದಂಚಿನ ನಿಶಿಕಸಾಯ್‌ನಲ್ಲಿ. 2000ದ ಸುಮಾರಿಗೆ ಕಂಪ್ಯೂಟರ್ ಕೆಲಸಕ್ಕೆಂದು ಬಂದ ಭಾರತೀಯ ಕುಟುಂಬಗಳು ಒಬ್ಬರನ್ನು ನೋಡಿ ಒಬ್ಬರು ಅಲ್ಲಿ ಮನೆ ಹಿಡಿದರು. ತೊಗರಿಬೇಳೆ, ಸಾಸಿವೆ ಸಿಗುವ ಅಂಗಡಿಗಳೂ ಬಂದವು. ಈಗ ಅದನ್ನು ಜಪಾನೀಯರೇ 'ಲಿಟಲ್ ಇಂಡಿಯಾ' ಎನ್ನುತ್ತಾರೆ. ಮಗನಿಗೆ ವಾರದ ನಡುವೆ ರಜೆ ಸಿಗಲಿಲ್ಲ. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡಿ ನಿವೃತ್ತಳಾದ ಅಕ್ಕನಿಗೆ ಇದು ಮೊದಲ ವಿದೇಶ ಪ್ರಯಾಣ. ಅವಳಿಗೆ ಊರು ತೋರಿಸಲು ಅವನೇ ಒಬ್ಬ ಸ್ವಯಂಸೇವಕ ಗೈಡ್ ಗೊತ್ತು ಮಾಡಿದ್ದ. ಜತೆಗೆ ನಾನು, ಇಬ್ಬರ ನಡುವೆ ಮಾತು ದಾಟಿಸುವವಳಾಗಿ.

ಜಪಾನಿನಲ್ಲಿ ಗೈಡ್ ಕೆಲಸಕ್ಕೆ ಒಂದು ಕಾನೂನೇ ಇದೆ. 1949ರಲ್ಲಿ ಬಂದ ಆ ಕಾನೂನಿನ ಪ್ರಕಾರ ವಿದೇಶಿ ಭಾಷೆಯಲ್ಲಿ ಊರು ತೋರಿಸಿ ಹಣ ಪಡೆಯಬೇಕಾದರೆ ಸರ್ಕಾರದ ಪರೀಕ್ಷೆ ಪಾಸಾಗಬೇಕಿತ್ತು. ಭಾಷೆ, ಜಪಾನಿನ ಭೂಗೋಳ, ಇತಿಹಾಸ, ಸಾಮಾನ್ಯ ಜ್ಞಾನ, ಇವೆಲ್ಲ ಮುಗಿದ ಮೇಲೆ ಮೌಖಿಕ ಪರೀಕ್ಷೆ. 2018ರಲ್ಲಿ ನಿಯಮ ಸಡಿಲಿಸಿದರು. ಈಗ ಯಾರು ಬೇಕಾದರೂ ಗೈಡ್ ಆಗಬಹುದು, ಆದರೆ ಸರ್ಕಾರಿ ಮಾನ್ಯತೆ ಪಡೆದ ಗೈಡ್ ಎಂದು ಹೇಳಿಕೊಳ್ಳುವ ಹಕ್ಕು ಪರೀಕ್ಷೆ ಪಾಸಾದವರಿಗೆ ಮಾತ್ರ. ಇವರಲ್ಲದೆ ಸ್ವಯಂಸೇವಕರ ದೊಡ್ಡ ಬಳಗವೂ ಇದೆ. ರಾಷ್ಟ್ರೀಯ ಪ್ರವಾಸೋದ್ಯಮ ಸಂಸ್ಥೆ 1979ರಲ್ಲಿ ಶುರು ಮಾಡಿದ 'ಗುಡ್‌ವಿಲ್ ಗೈಡ್' ಏರ್ಪಾಟು ಇಂದಿಗೂ ಊರೂರಿನಲ್ಲಿ ನಡೆಯುತ್ತಿದೆ. ನಿವೃತ್ತರು, ಗೃಹಿಣಿಯರು, ಕಾಲೇಜು ಹುಡುಗರು ಬರುತ್ತಾರೆ. ಸಂಬಳ ಕೇಳುವುದಿಲ್ಲ, ಅವರ ರೈಲಿನ ಖರ್ಚು, ಊಟ, ಪ್ರವೇಶ ಶುಲ್ಕ ನಾವು ಕೊಟ್ಟರಾಯಿತು. ಟಿಪ್ಸ್ ಕೊಡಲು ಹೋದರೆ ಮುಜುಗರಪಡುತ್ತಾರೆ.

ನಾವು ಹತ್ತು ನಿಮಿಷ ಮೊದಲೇ ಹೋದೆವು. ನಮ್ಮ ಗೈಡ್ ಆಗಲೇ ಬಂದು ನಿಂತಿದ್ದರು. ಎಪ್ಪತ್ತರ ಹತ್ತಿರದ ವಯಸ್ಸು, ಬಿಸಿಲಿಗೆ ಹತ್ತಿಯ ಟೋಪಿ, ಹೆಗಲಲ್ಲಿ ಬಟ್ಟೆಯ ಚೀಲ. ಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತಿದ್ದರಂತೆ. ಅಕ್ಕನೂ ಟೀಚರ್ ಎಂದು ನಾನು ಹೇಳಿದ್ದೇ ತಡ, ಬಾವುಟವನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಬಾಗಿ "ಸೆನ್ಸೇ" ಎಂದರು. ಮೇಷ್ಟ್ರು ಎಂಬುದಕ್ಕೆ ಅಲ್ಲಿಯ ಪದ ಅದು. ಆಮೇಲೆ ದಿನವಿಡೀ ಇಬ್ಬರೂ ಒಬ್ಬರನ್ನೊಬ್ಬರು ಹಾಗೇ ಕರೆದುಕೊಂಡರು.

ಕಾಮಿನಾರಿಮೊನ್ ಎಂದರೆ ಗುಡುಗಿನ ಬಾಗಿಲು. ಎದುರಿಗೆ ನಿಂತರೆ ಬಲಕ್ಕೆ ಗಾಳಿಯ ದೇವರು, ಎಡಕ್ಕೆ ಗುಡುಗಿನ ದೇವರು, ನಡುವೆ ಸುಮಾರು 4 ಮೀಟರ್ ಎತ್ತರದ, 700 ಕಿಲೋ ತೂಗುವ ಕೆಂಪು ಕಾಗದದ ಲಾಂದ್ರ. ಟೋಕಿಯೊದ ಚಿತ್ರ ಎಲ್ಲಿ ಬಂದರೂ ಈ ಲಾಂದ್ರ ಇರುತ್ತದೆ. ಇಷ್ಟು ಹಳೆಯ ಬಾಗಿಲನ್ನು ಎಷ್ಟು ಚೆನ್ನಾಗಿ ಇಟ್ಟುಕೊಂಡಿದ್ದಾರೆ ನೋಡು ಎಂದು ಅಕ್ಕ ಮೆಚ್ಚಿಕೊಂಡಳು. ನಾನು ಅದನ್ನು ದಾಟಿಸಿದಾಗ ಸೆನ್ಸೇ ತಲೆ ಅಲ್ಲಾಡಿಸಿದರು. "ಇದು 1960ರದು. ನನ್ನ ಬಾಲ್ಯದಲ್ಲಿ ಇಲ್ಲಿ ಬಾಗಿಲೇ ಇರಲಿಲ್ಲ." ಹಿಂದಿನ ಬಾಗಿಲು 1865ರಲ್ಲಿ ಬೆಂಕಿಗೆ ಹೋಗಿತ್ತು. 95 ವರ್ಷ ಜಾಗ ಖಾಲಿ ಬಿದ್ದಿತ್ತು. ಪ್ಯಾನಸೋನಿಕ್ ಕಂಪನಿ ಕಟ್ಟಿದ ಮತ್ಸುಶಿತಾ ಕೊನೊಸುಕೆ ಕೊಟ್ಟ ಹಣದಿಂದ ಮತ್ತೆ ಎದ್ದ ಬಾಗಿಲಿದು. ಅಷ್ಟೂ ವರ್ಷ ಬಾಗಿಲಿಲ್ಲದ ಜಾಗವನ್ನು ಜನ 'ಕಾಮಿನಾರಿಮೊನ್' ಎಂದೇ ಕರೆಯುತ್ತಿದ್ದರಂತೆ.

ಈ ಒಂದು ಮಾತು ನನಗೆ ಇಡೀ ದಿನಕ್ಕೆ ಬೀಗದ ಕೈ ಆಯಿತು. ಹಂಪಿಯಲ್ಲಿ ಯಾರೂ ಏನೂ ಹೇಳದಿದ್ದರೂ ಮುರಿದ ಕಲ್ಲನ್ನು ಕಂಡರೆ ಅಷ್ಟಿಷ್ಟು ತಿಳಿಯುತ್ತದೆ. ಟೋಕಿಯೊದಲ್ಲಿ ಹಾಗಲ್ಲ. ಮರದಿಂದ ಕಟ್ಟಿದ್ದ ಈ ಊರು ಮತ್ತೆ ಮತ್ತೆ ಸುಟ್ಟಿದೆ, ಸುಟ್ಟಾಗಲೆಲ್ಲ ಅದೇ ಜಾಗದಲ್ಲಿ, ಅದೇ ಹೆಸರಿನಲ್ಲಿ ಮತ್ತೆ ಎದ್ದಿದೆ. ಹಾಗಾಗಿ ಹಳೆಯದೆಂದು ತೋರುವುದು ಹೊಸದಾಗಿರುತ್ತದೆ, ನಿಜವಾದ ಹಳೆಯದು ಕಣ್ಣಿಗೇ ಬೀಳುವುದಿಲ್ಲ. ಪಕ್ಕದಲ್ಲಿ ಹೇಳುವವರೊಬ್ಬರು ಇಲ್ಲದಿದ್ದರೆ ಇಲ್ಲಿ ಅರ್ಧ ಊರನ್ನು ನೋಡದೆಯೇ ದಾಟಿಹೋಗುತ್ತೇವೆ.

ಬಾಗಿಲಿನಿಂದ ದೇವಸ್ಥಾನದವರೆಗೆ 250 ಮೀಟರ್ ಉದ್ದದ ನಾಕಾಮಿಸೆ ಅಂಗಡಿ ಬೀದಿ. ಬೀಸಣಿಗೆ, ಬೊಂಬೆ, ಕೆಂಪವರೆಯ ಸಿಹಿ ಹೂರಣ ತುಂಬಿ ಅಚ್ಚಿನಲ್ಲಿ ಸುಡುವ ಬಿಸಿ ಕೇಕು. ನಡೆಯುತ್ತಾ ತಿನ್ನಬಾರದು, ಕೊಂಡ ಅಂಗಡಿಯ ಮುಂದೆಯೇ ನಿಂತು ತಿಂದು ಮುಗಿಸಬೇಕು ಎಂದು ಸೆನ್ಸೇ ಹೇಳಿಕೊಟ್ಟರು. ಬೀದಿಯ ಕೊನೆಗೆ ಇನ್ನೊಂದು ಮಹಾದ್ವಾರ, ಅದರ ಬೆನ್ನಿಗೆ ಹುಲ್ಲಿನಿಂದ ಹೆಣೆದ, ನಾಲ್ಕೂವರೆ ಮೀಟರ್ ಉದ್ದದ ಒಂದು ಜೊತೆ ಚಪ್ಪಲಿ ತೂಗುಹಾಕಿದ್ದಾರೆ. ಇಷ್ಟು ದೊಡ್ಡ ಪಾದದವನು ಕಾವಲಿದ್ದಾನೆ ಎಂದು ದುಷ್ಟಶಕ್ತಿಗಳು ಹೆದರಬೇಕಂತೆ.

ಅದರಾಚೆಗೆ ಸೆನ್ಸೋಜಿ. ಇದು ಟೋಕಿಯೊದ ಅತ್ಯಂತ ಹಳೆಯ ಬೌದ್ಧ ದೇವಾಲಯ. ಸ್ಥಳಪುರಾಣದ ಪ್ರಕಾರ ಕ್ರಿ.ಶ. 628ರಲ್ಲಿ ಸುಮಿದಾ ನದಿಯಲ್ಲಿ ಮೀನು ಹಿಡಿಯುತ್ತಿದ್ದ ಅಣ್ಣತಮ್ಮಂದಿರ ಬಲೆಗೆ ಒಂದು ಸಣ್ಣ ವಿಗ್ರಹ ಸಿಕ್ಕಿತು. ಊರ ಮುಖ್ಯಸ್ಥ ಅದು ಕನ್ನೊನ್ ವಿಗ್ರಹ ಎಂದು ಗುರುತಿಸಿ ತನ್ನ ಮನೆಯನ್ನೇ ಗುಡಿ ಮಾಡಿದ. ಕನ್ನೊನ್ ಎಂದರೆ ನಮ್ಮ ಅವಲೋಕಿತೇಶ್ವರ, ಲೋಕದ ನೋವಿನ ದನಿಯನ್ನು ಕೇಳಿಸಿಕೊಳ್ಳುವ ಬೋಧಿಸತ್ವ. ಮಂಗಳೂರಿನ ಕದ್ರಿಯಲ್ಲಿ ಆಳುಪ ದೊರೆ ಕುಂದವರ್ಮ 968ರಲ್ಲಿ ಪ್ರತಿಷ್ಠಾಪಿಸಿದ ಕಂಚಿನ ಲೋಕೇಶ್ವರನನ್ನು ನೋಡಿದವರಿಗೆ ಈ ಬಳಗ ಅಪರಿಚಿತವಲ್ಲ. ಕದ್ರಿಯ ವಿಗ್ರಹವನ್ನು ಎದುರಿಗೇ ಕಾಣಬಹುದು. ಸೆನ್ಸೋಜಿಯ ಮೂಲ ವಿಗ್ರಹವನ್ನು ಮಾತ್ರ ಯಾರಿಗೂ ತೋರಿಸುವುದಿಲ್ಲ. ಲಕ್ಷಾಂತರ ಜನ ಬಂದು ಕೈಮುಗಿಯುವುದು ಮುಚ್ಚಿದ ಬಾಗಿಲಿಗೆ.

ಗರ್ಭಗುಡಿಯ ಕಟ್ಟಡ ಕಾಂಕ್ರೀಟಿನದು, 1958ರಲ್ಲಿ ಮುಗಿದದ್ದು. 2010ರಲ್ಲಿ ಮಾಡಿಗೆ ಹೊದಿಸಿದ ಹೆಂಚುಗಳು ಟೈಟಾನಿಯಂ ಲೋಹದವು, ಭೂಕಂಪ ಬಂದರೆ ಮೇಲೆ ಭಾರ ಕಡಿಮೆ ಇರಲಿ ಎಂದು. ಎಡಕ್ಕಿರುವ ಐದಂತಸ್ತಿನ ಗೋಪುರ 1973ರದು. ಇವನ್ನೆಲ್ಲ ಸೆನ್ಸೇ ಬೇಗಬೇಗ ಹೇಳಿ ಮುಗಿಸಿದರು. ಬಲಕ್ಕೆ ತಿರುಗಿ, ಯಾತ್ರಿಕರು ಫೋಟೊ ತೆಗೆದುಕೊಳ್ಳದ ಒಂದು ಮೂಲೆಗೆ ಕರೆದುಕೊಂಡು ಹೋದರು. ಅಲ್ಲಿ ಒಂದು ಗಿಂಕ್ಗೊ ಮರ.

ದೂರದಿಂದ ಸಾಮಾನ್ಯ ಮರ. ಜೂನ್ ತಿಂಗಳ ಹಸಿರು, ಬೀಸಣಿಗೆಯಾಕಾರದ ಎಲೆಗಳು. ಹತ್ತಿರ ಹೋದರೆ ಕಾಂಡದ ಒಂದು ಮಗ್ಗುಲು ಸೀಳಿಕೊಂಡಂತಿದೆ. ಸೀಳಿನ ಒಳಗೆ ಕಪ್ಪು. ನೆರಳಿರಬೇಕು ಅಂದುಕೊಂಡೆ. ಅದು ಇದ್ದಲು. ಇದ್ದಲಿನ ಎರಡೂ ಅಂಚಿನಿಂದ ಹೊಸ ತೊಗಟೆ ದಪ್ಪನೆಯ ತುಟಿಯ ಹಾಗೆ ಬೆಳೆದು ಬಂದು ಗಾಯವನ್ನು ಮುಚ್ಚಲು ನೋಡುತ್ತಿದೆ, ಇನ್ನೂ ಮುಚ್ಚಿಲ್ಲ. ಅಕ್ಕ ಕೈ ಚಾಚಿ, ಮುಟ್ಟದೆ, ಹಿಂದಕ್ಕೆ ತೆಗೆದುಕೊಂಡಳು.

1945ರ ಮಾರ್ಚ್ 9ರ ರಾತ್ರಿ ಕಳೆದು 10ರ ಬೆಳಗಾಗುವುದರೊಳಗೆ ಅಮೆರಿಕದ ಸುಮಾರು 300 ಬಿ-29 ವಿಮಾನಗಳು ಟೋಕಿಯೊದ ಈ ಪೂರ್ವಭಾಗದ ಮೇಲೆ ಬೆಂಕಿ ಬಾಂಬುಗಳನ್ನು ಸುರಿದವು. ಮನೆಗಳು ಮರದವು, ಒತ್ತೊತ್ತಾಗಿದ್ದವು, ಆ ರಾತ್ರಿ ಗಾಳಿಯೂ ಜೋರಾಗಿತ್ತು. ಸತ್ತವರು ಸುಮಾರು 1 ಲಕ್ಷ. ಒಂದೇ ರಾತ್ರಿಯಲ್ಲಿ. ಹಿರೋಶಿಮಾ, ನಾಗಸಾಕಿಗಳನ್ನು ನಮ್ಮ ಶಾಲೆಯ ಮಕ್ಕಳೂ ಬಲ್ಲರು. ಟೋಕಿಯೊದ ಈ ರಾತ್ರಿ ನಮ್ಮ ಪಠ್ಯಪುಸ್ತಕಗಳಲ್ಲಿ ಒಂದು ಸಾಲಾಗಿಯೂ ಬಂದದ್ದನ್ನು ನಾನು ಕಂಡಿಲ್ಲ, ಬರಬೇಕು ಎಂದು ನನಗೆ ಬಲವಾಗಿ ಅನಿಸುತ್ತದೆ.

ಅದಕ್ಕೂ 22 ವರ್ಷ ಮೊದಲು, 1923ರ ಸೆಪ್ಟೆಂಬರ್ 1ರಂದು, ಮಧ್ಯಾಹ್ನ ಹನ್ನೆರಡಕ್ಕೆ ಎರಡು ನಿಮಿಷ ಇರುವಾಗ ದೊಡ್ಡ ಭೂಕಂಪ ಆಗಿತ್ತು. ಮನೆಮನೆಯಲ್ಲೂ ಅಡುಗೆಯ ಒಲೆ ಉರಿಯುತ್ತಿದ್ದ ಹೊತ್ತು. ನೆಲ ನಡುಗಿ ಸತ್ತವರಿಗಿಂತ ಆಮೇಲೆ ಹಬ್ಬಿದ ಬೆಂಕಿಯಲ್ಲಿ ಸತ್ತವರೇ ಹೆಚ್ಚು, ಒಟ್ಟು 1 ಲಕ್ಷಕ್ಕೂ ಮೇಲೆ. ಅಸಾಕುಸಾದ ಹೆಮ್ಮೆಯಾಗಿದ್ದ, ಜಪಾನಿನ ಮೊದಲ ವಿದ್ಯುತ್ ಲಿಫ್ಟ್ ಇದ್ದ ಹನ್ನೆರಡಂತಸ್ತಿನ ಗೋಪುರ ಆ ದಿನ ಅರ್ಧಕ್ಕೆ ಮುರಿಯಿತು. ಸೆನ್ಸೋಜಿಯ ಗುಡಿಗೆ ಮಾತ್ರ ಏನೂ ಆಗಲಿಲ್ಲ. ಅದರ ಆವರಣಕ್ಕೆ ಓಡಿಬಂದಿದ್ದವರು ಉಳಿದುಕೊಂಡರು. ಕನ್ನೊನ್ ಕಾಪಾಡುತ್ತಾಳೆ ಎಂಬ ನಂಬಿಕೆ ಊರಿನಲ್ಲಿ ಬಲವಾಯಿತು. 1649ರಿಂದ ನಿಂತಿದ್ದ ಆ ಗುಡಿಯೇ 1945ರ ಆ ರಾತ್ರಿ ಸುಟ್ಟುಹೋಯಿತು.

"ಗಿಂಕ್ಗೊ ಮರದ ಮೈತುಂಬ ನೀರಿರುತ್ತದೆ, ಬೇಗ ಹೊತ್ತಿಕೊಳ್ಳುವುದಿಲ್ಲ. ಅದಕ್ಕೇ ನಮ್ಮ ಹಿರಿಯರು ಗುಡಿಗಳ ಸುತ್ತ ಇದನ್ನೇ ನೆಡುತ್ತಿದ್ದರು" ಎಂದರು ಸೆನ್ಸೇ. ಸ್ವಲ್ಪ ಹೊತ್ತು ಬಿಟ್ಟು, "ನನ್ನ ತಾಯಿಯ ಮನೆ ನದಿಯ ಆ ದಡದಲ್ಲಿತ್ತು" ಎಂದರು. ಮುಂದೆ ಏನೂ ಹೇಳಲಿಲ್ಲ. ನಾನೂ ಕೇಳಲಿಲ್ಲ, ಅಕ್ಕನಿಗೆ ಅಷ್ಟನ್ನೇ ದಾಟಿಸಿದೆ.

ಬೆಂಕಿಯಲ್ಲಿ ಉಳಿದದ್ದು ಏನಾದರೂ ಇದೆಯೇ ಎಂದು ಅಕ್ಕ ಕೇಳಿದಾಗ ಅವರ ಮುಖ ಅರಳಿತು. ಗುಡಿಯ ಬಲಪಕ್ಕದಲ್ಲಿ, ಎತ್ತರವೂ ಇಲ್ಲದ ಬೆಡಗೂ ಇಲ್ಲದ ನಿತೆನ್‌ಮೊನ್ ಬಾಗಿಲು, ಹದಿನೇಳನೆಯ ಶತಮಾನದ್ದು. ಅದರ ಹತ್ತಿರವೇ ಮೀನುಗಾರ ಅಣ್ಣತಮ್ಮಂದಿರಿಗೂ ಊರ ಮುಖ್ಯಸ್ಥನಿಗೂ ಕಟ್ಟಿದ ಅಸಾಕುಸಾ ಶಿಂತೋ ಗುಡಿ, 1649ರದು. ಇಷ್ಟು ದೊಡ್ಡ ಆವರಣದಲ್ಲಿ ನಿಜಕ್ಕೂ ಹಳೆಯ ಮರ ಇರುವುದು ಇಂಥ ಕೆಲವೇ ಕಟ್ಟಡಗಳಲ್ಲಿ. ಅಲ್ಲಿ ನಾವು ಮೂವರೇ ಇದ್ದೆವು.

ಅಲ್ಲಿಂದ ತಲೆಯೆತ್ತಿದರೆ ನದಿಯಾಚೆ ಟೋಕಿಯೊ ಸ್ಕೈಟ್ರೀ, 2012ರಲ್ಲಿ ತೆರೆದ 634 ಮೀಟರ್ ಗೋಪುರ. 6-3-4 ಅನ್ನು ಜಪಾನಿಯಲ್ಲಿ ಮು-ಸಾ-ಶಿ ಎಂದೂ ಓದಬಹುದು, ಮುಸಾಶಿ ಈ ಸೀಮೆಯ ಹಳೆಯ ಹೆಸರು. ಮರದ ಐದಂತಸ್ತಿನ ಗೋಪುರಗಳ ನಡುವೆ ಒಂದು ಕಂಬ ಇರುತ್ತದೆ, ಭೂಕಂಪದಲ್ಲಿ ಆ ಗೋಪುರಗಳು ಬೀಳುವುದು ಅಪರೂಪ. ಸ್ಕೈಟ್ರೀಯ ಒಡಲಲ್ಲೂ 375 ಮೀಟರ್ ಎತ್ತರದ ಕಾಂಕ್ರೀಟ್ ಕಂಬ ಇದೆ. ಹೊರಗಿನ ಉಕ್ಕು ಒಂದು ಕಡೆ ತೂಗಿದರೆ ಇದು ಬೇರೆ ಲಯದಲ್ಲಿ ತೂಗಿ ಅಲುಗಾಟವನ್ನು ತಗ್ಗಿಸುತ್ತದೆ. ಎಂಜಿನಿಯರುಗಳು ಅದಕ್ಕೆ ಇಟ್ಟ ಹೆಸರು ಶಿನ್‌ಬಾಶಿರಾ, ಗೋಪುರದ ಬಡಗಿಗಳು ತಮ್ಮ ಕಂಬಕ್ಕೆ ಹೇಳುತ್ತಿದ್ದ ಅದೇ ಪದ. ಮೇಲೆ ಹತ್ತಲು ಟಿಕೆಟ್ ತೆಗೆಯಬೇಕೇ ಎಂದು ಸೆನ್ಸೇ ಕೇಳಿದರು. ಕೆಳಗೇ ಇರೋಣ ಎಂದಳು ಅಕ್ಕ.

ಅಸಾಕುಸಾದಿಂದ ಉಯೆನೊಗೆ ನೆಲದಡಿಯ ರೈಲಿನಲ್ಲಿ ಐದು ನಿಮಿಷ. ಈ 2.2 ಕಿಲೋಮೀಟರ್ 1927ರ ಡಿಸೆಂಬರ್ 30ರಂದು ಶುರುವಾದದ್ದು, ಇಡೀ ಏಷ್ಯಾದಲ್ಲಿ ಮೊದಲ ಸುರಂಗ ರೈಲು. ಇದನ್ನು ಕಟ್ಟಿಸಿದ ಹಾಯಾಕಾವಾ ನೊರಿತ್ಸುಗು ಲಂಡನ್ನಿನಲ್ಲಿ ಇಂಥ ರೈಲು ನೋಡಿ ಬಂದು, ನಮ್ಮಲ್ಲೂ ಬೇಕು ಎಂದಾಗ ಯಾರೂ ದುಡ್ಡು ಹಾಕಲು ಮುಂದೆ ಬರಲಿಲ್ಲ. ಆತ ಕಿಸೆಯಲ್ಲಿ ಕಾಳು ತುಂಬಿಕೊಂಡು ಟೋಕಿಯೊದ ಚೌಕಗಳಲ್ಲಿ ನಿಂತು, ಹೋಗಿಬರುವ ಜನ, ಗಾಡಿಗಳನ್ನು ಒಂದೊಂದು ಕಾಳಿನಂತೆ ಈ ಕಿಸೆಯಿಂದ ಆ ಕಿಸೆಗೆ ಹಾಕುತ್ತಾ ಎಣಿಸಿದ. ಆ ಲೆಕ್ಕ ಹಿಡಿದು ಎಲ್ಲಿ ರೈಲು ಓಡಿದರೆ ಗಿಟ್ಟುತ್ತದೆ ಎಂದು ತೋರಿಸಿದ. ಕಾಳಿನ ಕತೆಯನ್ನು ನಾನು ಹೇಳುತ್ತಿದ್ದಂತೆ ಅಕ್ಕ ಉಯೆನೊ ಬರುವವರೆಗೂ ಎದುರಿಗೆ ಕೂತವರನ್ನು ಎಣಿಸುತ್ತಿದ್ದಳು.

ಉಯೆನೊ ಉದ್ಯಾನದ ಬೆಂಚಿನ ಮೇಲೆ ಸೆನ್ಸೇ ಚೀಲ ಬಿಚ್ಚಿದರು. ಹೋಟೆಲಿಗೆ ಹೋಗದಿರಲು ಕಾರಣ ನಮ್ಮ ಇ-ಮೇಲ್ ಉತ್ತರ. ಜಪಾನಿನ ಅಡುಗೆಯ ಬುಡವೇ ದಾಶಿ, ಒಣಗಿಸಿ ಹೊಗೆ ಹಾಕಿದ ಮೀನಿನ ಸಿಪ್ಪೆಗಳನ್ನು ಬಿಸಿನೀರಿನಲ್ಲಿ ಬಿಟ್ಟು ಸೋಸಿದ ನೀರು. ನೂಡಲ್ಸಿನ ಸಾರಿನಲ್ಲಿ, ತರಕಾರಿ ಪಲ್ಯದಲ್ಲಿ, ಎಷ್ಟೋ ಸಲ ತೋಫುವಿನಲ್ಲೂ ಅದು ಇದ್ದೇ ಇರುತ್ತದೆ. ನಮ್ಮಿಂದ ಹೋಗುವ ಸಸ್ಯಾಹಾರಿಗಳಿಗೆ ಇದು ಮೊದಲೇ ಗೊತ್ತಿರಬೇಕು, ಮಾಂಸ ಇಲ್ಲ ಎಂದರೆ ಮೀನಿನ ನೀರೂ ಇಲ್ಲ ಎಂದು ಅಲ್ಲಿ ಯಾರೂ ತಿಳಿಯುವುದಿಲ್ಲ. ಅವರು ಮನೆಯಿಂದ ಅನ್ನದ ಉಂಡೆ ಕಟ್ಟಿಕೊಂಡು ಬಂದಿದ್ದರು. ನಡುವೆ ಉಮೆಬೋಶಿ, ಉಪ್ಪಿನಲ್ಲಿ ನೆನೆಸಿ ಬಿಸಿಲಲ್ಲಿ ಒಣಗಿಸಿದ ಹುಳಿ ಹಣ್ಣು. ಒಂದು ತುತ್ತಿಗೇ ಅಕ್ಕನ ಕಣ್ಣು ಕಿರಿದಾಯಿತು. "ನಮ್ಮ ಅಜ್ಜಿಯ ಉಪ್ಪಿನಕಾಯಿ ಕಣೇ, ಖಾರ ಒಂದು ಇಲ್ಲ."

ನಾವು ಕೂತಿದ್ದ ಗುಡ್ಡವೆಲ್ಲ ಒಂದು ಕಾಲಕ್ಕೆ ಕಾನೆಯ್‌ಜಿ ಎಂಬ ದೇವಸ್ಥಾನದ್ದು, 1625ರಲ್ಲಿ ತೊಕುಗಾವಾ ಶೋಗುನ್‌ಗಳಿಗಾಗಿ ಕಟ್ಟಿದ್ದು. 1868ರಲ್ಲಿ ಅವರ ಆಳ್ವಿಕೆ ಮುಗಿಯುವಾಗ ಇಲ್ಲೇ ಒಂದು ದಿನದ ಯುದ್ಧ ನಡೆದು ಬಹುಪಾಲು ಸುಟ್ಟಿತು. 1873ರಲ್ಲಿ ಆ ನೆಲ ಸಾರ್ವಜನಿಕ ಉದ್ಯಾನವಾಯಿತು. ಬಾಗಿಲ ಹತ್ತಿರ ನಾಯಿ ಹಿಡಿದು ನಿಂತ, ಆ ಕಾಲದ ಸೇನಾನಿ ಸೈಗೊ ತಕಾಮೊರಿಯ ಪ್ರತಿಮೆ 1898ರದು. ಇಸವಿ ಕೇಳಿದ ಕೂಡಲೇ ನನಗೆ ಇನ್ನೊಬ್ಬರು ನೆನಪಾದರು. ಅದೇ 1898ರಲ್ಲಿ ಎಂ. ವಿಶ್ವೇಶ್ವರಯ್ಯನವರು ಜಪಾನಿಗೆ ಬಂದು ಮೂರು ತಿಂಗಳು ಸುತ್ತಿದ್ದರು. ಆಗ ಅವರಿನ್ನೂ ಮುಂಬೈ ಪ್ರಾಂತ್ಯದ ಎಂಜಿನಿಯರ್. ಶಾಲೆ, ಕಾರ್ಖಾನೆ, ಕೈಗಾರಿಕೆ ಎಂದು ಆಮೇಲೆ ಮೈಸೂರಿನಲ್ಲಿ ಅವರು ಹಿಡಿದ ಹಟದ ಹಿಂದೆ ಈ ಮೂರು ತಿಂಗಳ ಪಾಲು ದೊಡ್ಡದು.

ಗುಡ್ಡದ ಕೆಳಗೆ ಶಿನೊಬಾಜು ಕೊಳ. ತಾವರೆ ಹೂ ಬಿಡಲು ಇನ್ನೂ ಒಂದು ತಿಂಗಳಿತ್ತು, ನೀರೇ ಕಾಣದ ಹಾಗೆ ಎಲೆ ತುಂಬಿತ್ತು. ಕೊಳದ ನಡುವಿನ ನಡುಗಡ್ಡೆಯಲ್ಲಿ ಎಂಟು ಮೂಲೆಯ ಗುಡಿ. "ಇಲ್ಲಿರುವ ದೇವಿ ನಿಮ್ಮವಳು" ಎಂದರು ಸೆನ್ಸೇ. ಬೆನ್‌ಜಾಯ್ತೆನ್, ಅಂದರೆ ಸರಸ್ವತಿ. ಚೀನಾದ ದಾರಿಯಾಗಿ ಬೌದ್ಧ ಸೂತ್ರಗಳ ಜತೆ ಬಂದವಳು. ವೀಣೆಯ ಬದಲು ಬಿವಾ ಎಂಬ ತಂತಿವಾದ್ಯ ಹಿಡಿದಳು. ಹೆಸರಿನಲ್ಲೇ ನದಿಯಾಗಿದ್ದವಳು ಇಲ್ಲಿಯೂ ನೀರನ್ನು ಬಿಡಲಿಲ್ಲ. ಜಪಾನಿನಲ್ಲಿ ಅವಳ ಗುಡಿಗಳು ಹೆಚ್ಚಾಗಿ ಇರುವುದು ಕೊಳದ ನಡುವೆ, ಕಡಲಿನ ದ್ವೀಪಗಳಲ್ಲಿ. ಈ ಗುಡಿಯೂ 1945ರಲ್ಲಿ ಸುಟ್ಟಿತ್ತು, 1958ರಲ್ಲಿ ಮತ್ತೆ ಕಟ್ಟಿದರು.

ಗುಡಿಗಿಂತ ಹೆಚ್ಚು ಹೊತ್ತು ನಾವು ನಿಂತದ್ದು ಅಂಗಳದ ಕಲ್ಲುಗಳ ಮುಂದೆ. ಒಂದು ಕಲ್ಲು ಅಡುಗೆಯವರ ಚೂರಿಗಳಿಗೆ. ಇನ್ನೊಂದು ಕನ್ನಡಕಗಳಿಗೆ. ಒಂದು ಫುಗು ಮೀನಿಗೆ, ಒಂದು ಆಮೆಗೆ, ಅವುಗಳನ್ನು ಕೊಂದು ಬಡಿಸುವ ಹೋಟೆಲಿನವರೇ ಋಣ ತೀರಿಸಲು ನಿಲ್ಲಿಸಿದ್ದು. ದುಡಿದ ವಸ್ತುವಿಗೂ ತೀರಿದ ಜೀವಕ್ಕೂ ಕೃತಜ್ಞತೆ ಸಲ್ಲಿಸುವ ಈ ಪದ್ಧತಿಗೆ ಕುಯೋ ಎನ್ನುತ್ತಾರೆ, ಸಂಸ್ಕೃತದ 'ಪೂಜಾ' ಪದಕ್ಕೆ ಚೀನೀಯರು ಮಾಡಿದ ಅನುವಾದವದು. ಆಯುಧಪೂಜೆಯ ದಿನ ನಾವು ಕತ್ತರಿ, ಸುತ್ತಿಗೆ, ಹೊಲಿಗೆ ಮಿಷನ್ನಿಗೆ ಕುಂಕುಮ ಇಡುವುದನ್ನು ಅಕ್ಕ ಹೇಳಿದಳು. ಬಸ್ಸಿಗೂ ಇಡುತ್ತೇವೆ ಎಂದಾಗ ಸೆನ್ಸೇ ಚೀಲದಿಂದ ಒಂದು ಸಣ್ಣ ನೋಟ್‌ಬುಕ್ ತೆಗೆದು ಬರೆದುಕೊಂಡರು. ಮೇಲಿನ ಗುಡ್ಡದ ಕಿಯೊಮಿಜು ಕನ್ನೊನ್ ಗುಡಿಯಲ್ಲಿ ಪ್ರತಿ ಸೆಪ್ಟೆಂಬರ್ 25ಕ್ಕೆ ಹಳೆಯ ಬೊಂಬೆಗಳಿಗೆ ಕುಯೋ ನಡೆಯುತ್ತದಂತೆ. 1631ರ ಆ ಗುಡಿ ಯುದ್ಧ, ಭೂಕಂಪ, ಬಾಂಬು ಮೂರನ್ನೂ ದಾಟಿ ಉಳಿದಿದೆ.

ಮಧ್ಯಾಹ್ನ ಮೂರರ ಹೊತ್ತಿಗೆ ನಡೆದೇ ಯಾನಾಕಾ ತಲುಪಿದೆವು. 1923ರ ಬೆಂಕಿಯೂ 1945ರ ಬೆಂಕಿಯೂ ಬಹುಮಟ್ಟಿಗೆ ಮುಟ್ಟದೆ ಬಿಟ್ಟ ಬಡಾವಣೆ. ಸುಮಾರು 70 ದೇವಸ್ಥಾನಗಳು, ಅಗಲ ಕಿರಿದಾದ ಓಣಿಗಳು, ಬಾಗಿಲ ಮುಂದೆ ಹೂಕುಂಡ. ಇಲ್ಲಾದರೂ ಹಳೆಯ ಗೋಪುರ ಇರಬೇಕಲ್ಲ ಎಂದೆ. ಸ್ಮಶಾನದ ನಡುವಿನ ದಾರಿಯಲ್ಲಿ ಸೆನ್ಸೇ ಒಂದು ಕಬ್ಬಿಣದ ಬೇಲಿಯ ಹತ್ತಿರ ನಿಂತರು. ಒಳಗೆ ಸಾಲಾಗಿ ಹೂತ ಕಲ್ಲುಗಳು, ಅಷ್ಟೇ. ತೆನ್ನೊಜಿಯ ಐದಂತಸ್ತಿನ ಗೋಪುರದ ಅಡಿಗಲ್ಲುಗಳು. 1791ರಲ್ಲಿ ಎದ್ದ, 34 ಮೀಟರ್ ಎತ್ತರದ ಮರದ ಗೋಪುರ. ಕೋದಾ ರೋಹನ್ ತನ್ನ ಹೆಸರಾಂತ ಕಾದಂಬರಿ ಬರೆದದ್ದು ಇದನ್ನು ಇಟ್ಟುಕೊಂಡೇ. ಭೂಕಂಪ ಅದನ್ನು ಕೆಡವಲಿಲ್ಲ, ವಿಮಾನಗಳು ಸುಡಲಿಲ್ಲ. 1957ರ ಜುಲೈನ ಒಂದು ಬೆಳಗಿನ ಜಾವ ಒಂದು ಗಂಡು, ಒಂದು ಹೆಣ್ಣು ಅದರೊಳಗೆ ಬೆಂಕಿ ಹಚ್ಚಿಕೊಂಡು ಸತ್ತರು. ಇದನ್ನು ಮತ್ತೆ ಕಟ್ಟಲಿಲ್ಲ. "ಇಲ್ಲಿಗೆ ಬಂದವರಿಗೆಲ್ಲ ನಾನು ಈ ಕಲ್ಲು ತೋರಿಸುತ್ತೇನೆ. ಕೆಲವರಿಗೆ ಬೇಸರವಾಗುತ್ತದೆ, ನೋಡಲು ಏನೂ ಇಲ್ಲ ಅಂತ" ಎಂದರು ಸೆನ್ಸೇ. ಅಕ್ಕ ಬೇಲಿ ಹಿಡಿದುಕೊಂಡು ಕಲ್ಲುಗಳನ್ನು ಒಂದೊಂದಾಗಿ ನೋಡಿದಳು.

ಸಮಾಧಿಗಳ ಹಿಂದೆಲ್ಲ ಉದ್ದನೆಯ ತೆಳು ಮರದ ಹಲಗೆಗಳು ನಿಂತಿದ್ದವು. ಗಾಳಿ ಬಂದಾಗ ಒಂದಕ್ಕೊಂದು ತಾಗಿ ಕಟಕಟ ಎನ್ನುತ್ತಿದ್ದವು. ತೀರಿಕೊಂಡವರ ಪುಣ್ಯತಿಥಿಗೆ ಮನೆಯವರು ಇಡಿಸುವ ಸೊತೊಬಾ, ನಮ್ಮ 'ಸ್ತೂಪ' ಪದವೇ. ಹಲಗೆಯ ತಲೆಯನ್ನು ಐದು ಕಚ್ಚುಗಳಾಗಿ ಕೊರೆದಿರುತ್ತಾರೆ, ಒಂದೊಂದಕ್ಕೂ ಒಂದೊಂದು ಅಕ್ಷರ, ಮಸಿಯಲ್ಲಿ. ಚೀನೀ ಲಿಪಿಯಲ್ಲ, ಜಪಾನಿಯೂ ಅಲ್ಲ. ಅದು ಸಿದ್ಧಂ, ಸಾವಿರಕ್ಕೂ ಹೆಚ್ಚು ವರ್ಷಗಳ ಹಿಂದೆ ಸಂಸ್ಕೃತ ಬರೆಯುತ್ತಿದ್ದ, ನಮ್ಮಲ್ಲಿ ಮರೆತುಹೋದ ಲಿಪಿ. ಶಿಕಾಗೊಗೆ ಹೋಗುವ ದಾರಿಯಲ್ಲಿ 1893ರಲ್ಲಿ ಜಪಾನ್ ಕಂಡ ವಿವೇಕಾನಂದರು ಇಲ್ಲಿಯ ದೇವಾಲಯಗಳಲ್ಲಿ ಸಂಸ್ಕೃತ ಮಂತ್ರಗಳನ್ನು ಹಳೆಯ ಬಂಗಾಳಿ ಅಕ್ಷರಗಳಲ್ಲಿ ಬರೆದಿದ್ದಾರೆ ಎಂದು ಪತ್ರದಲ್ಲಿ ಬೆರಗುಪಟ್ಟದ್ದು ಈ ಲಿಪಿಯನ್ನು ನೋಡಿಯೇ ಇರಬೇಕು.

ಈ ಲಿಪಿ ಕಲಿತ ಭಿಕ್ಷುಗಳು ಜಪಾನಿಗೆ ಇನ್ನೊಂದನ್ನೂ ಕೊಟ್ಟರು, ಅಕ್ಷರಮಾಲೆಯ ಕ್ರಮ. ಜಪಾನೀ ಮಕ್ಕಳು ಇವತ್ತಿಗೂ ಅಕ್ಷರ ಕಲಿಯುವುದು ಅ, ಇ, ಉ, ಎ, ಒ ಎಂದು. ಆಮೇಲೆ ಕ, ಸ, ತ, ನ, ಹ, ಮ, ಯ, ರ, ವ. ಇದನ್ನು ಸೆನ್ಸೇ ಹೇಳುತ್ತಿದ್ದಂತೆ ಅಕ್ಕ ನಿಂತಲ್ಲೇ ನಿಂತಳು. ಅಲ್ಲಿ ಸ ಇರುವ ಜಾಗ ನಮ್ಮ ಚವರ್ಗದ್ದು, ಹ ಇರುವ ಜಾಗ ಪವರ್ಗದ್ದು. ಹಳೆಯ ಜಪಾನಿಯಲ್ಲಿ ಆ ಹಕಾರ ಪಕಾರವೇ ಆಗಿತ್ತು. ನಮ್ಮ ಹಾಲು, ಹಾವು, ಹೂವುಗಳೂ ಒಂದು ಕಾಲಕ್ಕೆ ಪಾಲು, ಪಾವು, ಪೂವು ಆಗಿದ್ದವಲ್ಲ. "ಹಳಗನ್ನಡ ಪಾಠ ಇದು" ಎಂದಳು ಅಕ್ಕ. ಪಕಾರ ಹಕಾರವಾದ ಕತೆಯನ್ನು ಒಬ್ಬರಿಗೊಬ್ಬರು ಹೇಳಿಕೊಂಡರು. ದಾಟಿಸುವುದರೊಳಗೆ ನನಗೆ ಸಾಕುಸಾಕಾಯಿತು, ಅಷ್ಟು ಸಂತೋಷವೂ ಆಯಿತು.

ಸೆನ್ಸೇ ಹಲಗೆಯ ಮೇಲಿಂದ ಕೆಳಕ್ಕೆ ಬೆರಳಿಟ್ಟು ಓದಿದರು: ಕ್ಯ, ಕ, ರ, ಬ, ಅ. ಆಕಾಶ, ಗಾಳಿ, ಬೆಂಕಿ, ನೀರು, ಮಣ್ಣು.

"ಪಂಚಭೂತ" ಎಂದಳು ಅಕ್ಕ. ಆಮೇಲೆ ಸ್ವಲ್ಪ ಹೊತ್ತು ತುಟಿ ಅಲ್ಲಾಡಿಸುತ್ತಾ ಯೋಚಿಸಿದಳು. "ಮೊದಲನೇದು ಕ್ಯ ಅಲ್ಲ. ಆಕಾಶ ಅಂದ್ರೆ ಖ ಇರಬೇಕು. ಖಗ, ಖಗೋಳ ಅಂತೀವಲ್ಲ. ಖ ಅಂದ್ರೆ ಆಕಾಶ, ಅಲ್ಲಿ ಓಡಾಡೋದು ಖಗ. ಎರಡನೇದು ಹ ಇರಬೇಕು, ಕೇಳು ಅವರನ್ನ."

ಕೇಳಿದೆ. ಸೂತ್ರಗಳಲ್ಲಿ ನಮ್ಮ 'ಮಹಾ' ಜಪಾನಿಯಲ್ಲಿ 'ಮಕಾ' ಆಗಿದೆ ಎಂದು ಸೆನ್ಸೇ ತಾವೇ ನೆನಪಿಸಿಕೊಂಡರು. ಹಾಗಾದರೆ ಎರಡನೆಯದು ಹ. ನಾಲ್ಕನೆಯ ಬ ನಮ್ಮ ವ. ಇಷ್ಟು ವರ್ಷ ಬಂದವರಿಗೆಲ್ಲ ಇದು ಇಂಡಿಯಾದ ಅಕ್ಷರ ಎಂದು ಹೇಳಿ ಮುಂದೆ ಹೋಗುತ್ತಿದ್ದರಂತೆ. ನೋಟ್‌ಬುಕ್ ತೆರೆದು ಪೆನ್ನಿನ ಸಮೇತ ಅಕ್ಕನ ಕೈಗೆ ಕೊಟ್ಟರು. ಅಕ್ಕ ಹಲಗೆಯಲ್ಲಿದ್ದ ಹಾಗೇ ಒಂದರ ಕೆಳಗೊಂದು, ಕರಿಹಲಗೆಯ ಮೇಲೆ ಬರೆಯುವಷ್ಟು ದುಂಡಗೆ ಬರೆದಳು: ಖ, ಹ, ರ, ವ, ಅ.

ಸೆನ್ಸೇ ಓದಲು ನೋಡಿದರು. ಮೊದಲನೆಯದು ಪ್ರತಿಸಲವೂ 'ಕ' ಆಗಿಯೇ ಬಂತು. ಅಕ್ಕ ಚೀಲ ಕೆಳಗಿಟ್ಟು, ಒಂದನೇ ತರಗತಿಯ ಮಕ್ಕಳಿಗೆ ಮಾಡುವ ಹಾಗೆ ತನ್ನ ಅಂಗೈಯನ್ನು ಬಾಯಿಯ ಮುಂದೆ ಹಿಡಿದು ತೋರಿಸಿದಳು. ಕ ಅಂದಾಗ ಕೈಗೆ ಏನೂ ತಾಗುವುದಿಲ್ಲ. ಖ ಅಂದಾಗ ಬಿಸಿ ಉಸಿರು ತಾಗಬೇಕು. ಸೆನ್ಸೇ ಟೋಪಿ ತೆಗೆದು ಕಂಕುಳಲ್ಲಿಟ್ಟುಕೊಂಡರು, ಅಂಗೈ ಎತ್ತಿ ಬಾಯಿಯ ಮುಂದೆ ತಂದರು. ಒಂದು ಸಲ, ಎರಡು ಸಲ. ಮೂರನೆಯ ಸಲಕ್ಕೆ ಕಣ್ಣರಳಿಸಿ ತಮ್ಮ ಅಂಗೈಯನ್ನು ನೋಡಿಕೊಂಡರು.